ಏಳನೇ ಚೇಂಬರಿನ ಎರಡನೇ ವಾಲ್ವು

ಗೋಕಾಕದ ಜಲಪಾತವನ್ನು ದುರ್ಗಪ್ಪ ಒಮ್ಮೆ ಮೂರು ದಿನ ಬಂದ್ ಇಟ್ಟಿದ್ದ.

ಘಟಪ್ರಭೆ ಅಷ್ಟೆತ್ತರದಿಂದ ಬಂಡೆಯ ಮೇಲೆ ಬೀಳುವ ಸದ್ದಿಗೆ ಅವನ ಹೆಂಡತಿ ಕಾಡವ್ವನಿಗೆ ತಲೆಶೂಲೆ ಹತ್ತಿತ್ತು. ಇವನು ವಾಲ್ವು ತಿರುಗಿಸುವ ತನ್ನ ನಾಲ್ಕಡಿಯ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿ ಹೋದ. ಬಂಡೆಯ ಸಂದಿಯಲ್ಲಿ ಯಾರಿಗೂ ಕಾಣದ ವಾಲ್ವೊಂದನ್ನು ಹುಡುಕಿದ. ಬಲಕ್ಕೆ ನೂರಾ ಎಂಟು ಸುತ್ತು ಹಾಕಿದ. ನದಿ ಗಪ್ಪಾಯಿತು. ಜಲಪಾತ ನೋಡಲು ಬಂದವರು ಬರೀ ಬಂಡೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡು, ಕರದಂಟು ತಿಂದು ಮನೆಗೆ ಹೋದರು. ಮೂರನೆಯ ದಿನ ಹಿಡಕಲ್ ಡ್ಯಾಮಿನಿಂದ ಫೋನು ಬಂತು. "ದುರ್ಗಪ್ಪನವರ, ಮದ್ಲ ಒಂದ ಮಾತ ಹೇಳಿ ಮಾಡಬಾರದೇನ್ರಿ? ನೀರು ಹಿಂದಕ ಬಂದ ನಮ್ಮ ಗೇಟ ಬಡ್ಯಾಕತ್ತೈತಿ!" ಕಾಡವ್ವನ ತಲೆನೋವೂ ಅಷ್ಟರಲ್ಲಿ ಇಳಿದಿತ್ತು. ಹೋಗಲಿ ಪಾಪ ಎಂದು ದುರ್ಗಪ್ಪ ನದಿಯನ್ನು ಮತ್ತೆ ಚಾಲೂ ಮಾಡಿ ಬಂದ.

ಇಂಥ ಪ್ರಚಂಡನಿಗೆ ಪಗಾರ ಕೊಡುವವನು ಒಬ್ಬ ಗುತ್ತಿಗೆದಾರ. ಅದೂ ಕೊಟ್ಟಾಗ ಕೊಟ್ಟ. ದುರ್ಗಪ್ಪನ ಕೆಲಸ ಪಟ್ಟಣದ ನಳಗಳಿಗೆ ನೀರು ಬಿಡುವುದು. ಪಟ್ಟಣ ಗೋಕಾಕ ಮತ್ತು ಮೂಡಲಗಿಯ ನಡುವೆ ಎಲ್ಲೋ ಇದೆ. ಹೆಸರು ಬೇಡ. ಹೆಸರು ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ.

ಇಪ್ಪತ್ತಮೂರು ವರ್ಷ ಅವನು ಈ ಪಟ್ಟಣದ ವಾಲ್ವು ತಿರುಗಿಸಿದ್ದಾನೆ. ವಾಲ್ವುಗಳು ನೂರಾ ಹದಿನಾಲ್ಕು. ಪ್ರತಿಯೊಂದೂ ನೆಲದೊಳಗೆ, ಚೇಂಬರ್ ಎಂಬ ಇಟ್ಟಿಗೆಯ ಗುಂಡಿಯೊಳಗೆ. ಗುಂಡಿಯಲ್ಲಿ ಗಟಾರದ ನೀರು, ಒಡೆದ ಬಾಟಲಿ, ಸತ್ತ ಇಲಿ. ಕಾಲು ಇಳಿಬಿಟ್ಟು ಕೂರಬೇಕು, ಎದೆಯವರೆಗೆ ಬಗ್ಗಬೇಕು, ಚಾವಿ ಕೂರಿಸಿ ಸೊಂಟದ ಬಲದಿಂದ ತಿರುಗಿಸಬೇಕು. ಕೈಗವಸು ಮಂಜೂರಾಗಿ ಒಂಬತ್ತು ವರ್ಷವಾಯಿತು, ಬಂದಿಲ್ಲ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಚೇಂಬರಿನ ಮುಚ್ಚಳ ಬಿದ್ದು ಜಜ್ಜಿದವು. ಅವನನ್ನು ಕೇಳಿದರೆ ಹೆಬ್ಬಾವು ಕಚ್ಚಿತು ಎನ್ನುತ್ತಾನೆ. ಆಮೇಲೆ ಹೆಬ್ಬಾವೇ ಸತ್ತಿತು ಎನ್ನುತ್ತಾನೆ.

ಪೈಪುಗಳ ಸರಿಯಾದ ನಕ್ಷೆ ಕಚೇರಿಯಲ್ಲಿಲ್ಲ. ಅದು ದುರ್ಗಪ್ಪನ ಮೊಣಕಾಲಿನಲ್ಲಿದೆ. ಚಾವಿಯ ಒಂದು ತುದಿ ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಸಾಕು, ನೀರು ಯಾವ ಓಣಿ ದಾಟಿತು ಎಂದು ಹೇಳುತ್ತಾನೆ. ಯಾರ ಮನೆಯ ಮೋಟರು ಕದ್ದು ಎಳೆಯುತ್ತಿದೆ, ಆ ಮನೆಯಲ್ಲಿ ಇವತ್ತು ಏನು ಸಾರು ಎಂಬುದನ್ನೂ ಹೇಳುತ್ತಾನೆ. ಸಾರಿನ ಮಾತು ಮಾತ್ರ ಸ್ವಲ್ಪ ಜಾಸ್ತಿ.

ಮೇಲಿನ ಓಣಿಗಳಿಗೆ ನೀರು ಬಿಟ್ಟ ಮೇಲೆ ಯಾವುದಾದರೂ ಮನೆಯ ನಳ ತಿರುಗಿಸಿ, ಔಷಧ ಬೆರೆತಿದೆಯೇ ಎಂದು ಮೂಸಿ ನೋಡಬೇಕು. ಅದೂ ಅವನದೇ ಕೆಲಸ. ಅವನು ಮೂಸಿ ಹೊರಟ ಮೇಲೆ ಮನೆಯವರು ಹುಣಸೆಹಣ್ಣು ಹಚ್ಚಿ ನಳ ತಿಕ್ಕುತ್ತಾರೆ. ಅವನು ಬಿಟ್ಟ ನೀರಿನಲ್ಲೇ ಅವನು ಮುಟ್ಟಿದ ನಳ ತೊಳೆಯುತ್ತಾರೆ. ಆಮೇಲೆ ಅದೇ ನೀರು ದೇವರ ಮನೆಗೆ ಹೋಗುತ್ತದೆ. ದೇವರಿಗೆ ಯಾರೂ ಹೇಳಿಲ್ಲ.

ಆ ಪಟ್ಟಣಕ್ಕೆ ತಜ್ಞರು ಬಂದರು.

ಒಬ್ಬರಲ್ಲ, ಇಬ್ಬರಲ್ಲ, ಎಂಬತ್ತೈದು ಮಂದಿ. ಪುಣೆ, ಬೆಂಗಳೂರು, ಹೈದರಾಬಾದು, ಇನ್ನೊಬ್ಬರು ನೇರ ವಿಮಾನದಿಂದ. ಎಲ್ಲರ ಕೊರಳಲ್ಲೂ ದಾರ, ದಾರಕ್ಕೊಂದು ಚೀಟಿ. ರಾಜಪ್ಪ ಸಾವಕಾರನ ಹೋಟೆಲಿನ ಹೊಸ ಸಭಾಂಗಣದಲ್ಲಿ ಬ್ಯಾನರ್ ಬಿಗಿದಿದ್ದರು: 'ನಗರ ಜಲಭದ್ರತೆ: ಜಲವೃತ್ತಿಪರರ ದೃಷ್ಟಿ.' ಹೋಟೆಲಿನ ಮುಂದೆ ಹುಲ್ಲುಹಾಸು. ಹುಲ್ಲಿನ ನಡುವೆ ಕಾರಂಜಿ. ಪಟ್ಟಣಕ್ಕೆ ಎಂಟು ದಿನಕ್ಕೊಮ್ಮೆ ನೀರು, ಕಾರಂಜಿಗೆ ಇಪ್ಪತ್ನಾಲ್ಕು ತಾಸು.

ಹಿಂದಿನ ದಿನವೇ ನೀರು ಸರಬರಾಜಿನ ಇಂಜಿನಿಯರ್ ಶಿವಾನಂದ, ದುರ್ಗಪ್ಪನನ್ನು ಕರೆಸಿದ್ದ.

"ದುರ್ಗಪ್ಪಾ, ನಾಳೆ ಚಲೋ ಅಂಗಿ ಹಾಕ್ಕೊಂಡ ಬಾ. ಚಾವಿ ಮರೀಬ್ಯಾಡ. ಫೋಟೋದಾಗ ಚಾವಿ ಬೇಕಂತ."

"ಫೋಟೋದಾಗ ನಾ ಬ್ಯಾಡೇನ್ರಿ ಸಾಹೇಬ್ರ?"

"ಚಾವಿ ಹಿಡ್ಯಾಕ ಯಾರರ ಒಬ್ಬ ಬೇಕಲ್ಲೋ."

ದುರ್ಗಪ್ಪ ಕೇರಿಗೆ ಬಂದು ಬೇರೆ ಹೇಳಿದ. ದಿಲ್ಲಿಯಿಂದ ತನಗೆ ಕರೆ ಬಂದಿದೆ, ಎಂಬತ್ತೈದು ಮಂದಿ ತನ್ನ ಭಾಷಣ ಕೇಳಲು ಬರುತ್ತಿದ್ದಾರೆ, ಅವರಲ್ಲಿ ಹತ್ತು ಮಂದಿಗೆ ಈಗಾಗಲೇ ಹೆದರಿಕೆಯಿಂದ ಜ್ವರ ಬಂದಿದೆ. ಕಾಡವ್ವ ಅಂಗಿಗೆ ಇಸ್ತ್ರಿ ಹಾಕುತ್ತ, "ಉಳದ ಎಪ್ಪತ್ತೈದ ಮಂದಿಗರ ನೆಟ್ಟಗ ಮಾತಾಡ" ಎಂದಳು.

ಸಭಾಂಗಣದ ಬಾಗಿಲಲ್ಲೇ ಅವನನ್ನು ನಿಲ್ಲಿಸಿದರು. ಚಾವಿಯ ಕೆಸರು ಜಮಖಾನೆಗೆ ಹತ್ತುತ್ತದಂತೆ. ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲು ಎಂದರು. ಅಲ್ಲಿಂದ ಪರದೆ ಚೆನ್ನಾಗಿ ಕಾಣುತ್ತಿತ್ತು. ಚಪ್ಪಲಿಗಳೂ ಚೆನ್ನಾಗಿದ್ದವು.

ಪರದೆಯ ಮೇಲೆ ದುಂಡನೆಯ ಚಿತ್ರವೊಂದು, ರೊಟ್ಟಿ ಹರಿದ ಹಾಗೆ. ದೇಶದ ಮುನ್ನೂರು ಜಲವೃತ್ತಿಪರರನ್ನು ಕೇಳಿದ್ದರಂತೆ: ನಗರದ ನೀರಿನ ಭದ್ರತೆಗೆ ದೊಡ್ಡ ಕಂಟಕ ಯಾವುದು? ರೊಟ್ಟಿಯ ದೊಡ್ಡ ತುಂಡು ಹವಾಮಾನಕ್ಕೆ. ಇನ್ನೊಂದು ತುಂಡು ಸೋರಿಕೆಗೆ. ಮತ್ತೊಂದು, ಜನರಲ್ಲಿ ಅರಿವಿನ ಕೊರತೆಗೆ. ನಿಮ್ಮ ಸಂಸ್ಥೆಯ ಕೆಲಸದ ಬಗ್ಗೆ ನಿಮಗೆ ಎಷ್ಟು ತೃಪ್ತಿ ಎಂದು ಕೇಳಿದ್ದಕ್ಕೆ ನೂರಕ್ಕೆ ಎಂಬತ್ತು ಮಂದಿ ಬಹಳ ತೃಪ್ತಿ ಎಂದಿದ್ದರು. ಪುಣೆಯವರೊಬ್ಬರು ಎದ್ದು ಭದ್ರತೆ ಎಂದರೇನು ಎಂಬುದಕ್ಕೆ ಹದಿನೇಳು ವ್ಯಾಖ್ಯೆ ಕೊಟ್ಟರು. ಒಂದರಲ್ಲೂ ಕೊಡ ಇರಲಿಲ್ಲ. ಮಾತಾಡಿ ಗಂಟಲೊಣಗಿ ಬಾಟಲಿ ಎತ್ತಿದರು, ಎರಡು ಗುಟುಕು ಕುಡಿದರು, ಉಳಿದದ್ದನ್ನು ಅಲ್ಲೇ ಬಿಟ್ಟರು. ಇನ್ನೊಮ್ಮೆ ಒಣಗಿದಾಗ ಹೊಸ ಬಾಟಲಿ ಒಡೆದರು.

ದುರ್ಗಪ್ಪನಿಗೂ ಬಾಯಾರಿತು. ಬೆಳಗ್ಗೆ ಐದಕ್ಕೆ ಎದ್ದು ಹನ್ನೆರಡು ವಾಲ್ವು ತಿರುಗಿಸಿ ಬಂದಿದ್ದ. ಒಂದು ಬಾಟಲಿ ಕೇಳಿದ. ಬಾಟಲಿ ಕೊರಳಲ್ಲಿ ಚೀಟಿ ಇದ್ದವರಿಗಷ್ಟೇ ಎಂದರು. ಹೊರಗೆ ಹುಲ್ಲಿಗೆ ನೀರು ಬಿಡುವ ಪೈಪಿದೆ, ಅಲ್ಲಿ ಕುಡಿ ಎಂದರು. ಕುಡಿದ. ನೀರು ಮುಖಕ್ಕೆ ಬಡಿಯಿತು. ಅಂಥ ರಭಸ ಪಟ್ಟಣದ ಯಾವ ನಳದಲ್ಲೂ ಇಲ್ಲ.

ಅಷ್ಟರಲ್ಲಿ ಸಲಹಾ ಸಂಸ್ಥೆಯ ವಿದ್ಯಾ ಮೇಡಂ ಕೈಯಲ್ಲಿ ಟ್ಯಾಬ್ ಹಿಡಿದು ಅವನನ್ನು ಹುಡುಕಿಕೊಂಡು ಬಂದರು. ತಳಮಟ್ಟದ ಸಿಬ್ಬಂದಿಯ ಅಭಿಪ್ರಾಯವೂ ಒಂದು ಬೇಕಾಗಿತ್ತು. ಒಂದೇ ಸಾಕಾಗಿತ್ತು.

"ನಮಸ್ಕಾರ ದುರ್ಗಪ್ಪ ಅವರೇ. ನಿಮ್ಮ ಪಟ್ಟಣದ ನೀರಿನ ಭದ್ರತೆಗೆ ಒಂದರಿಂದ ಐದರೊಳಗೆ ಎಷ್ಟು ಕೊಡ್ತೀರಿ?"

"ಎಂಟ ದಿನಕ್ಕೊಮ್ಮಿ ಬರತೈತ್ರಿ ಮೇಡಮ್ಮಾರ."

"ಅಲ್ಲ, ಐದರವರೆಗೆ ಮಾತ್ರ ಇದೆ."

"ಹಂಗಾರ ನಮ್ಮ ಮೂರ ದಿನಾ ಎಲ್ಲಿ ಇಡೂದ್ರಿ?"

ವಿದ್ಯಾ ಮೇಡಂ ಟ್ಯಾಬಿನಲ್ಲಿ ಮೂರು ಒತ್ತಿದರು. ಆಮೇಲೆ ಅವನ ಮಡಚದ ಬೆರಳುಗಳ ಫೋಟೋ ತೆಗೆದರು. "ತುಂಬಾ ಪವರ್‌ಫುಲ್ ಇಮೇಜ್" ಎಂದರು. ಮುಖ ಬೇಡ ಎಂದರು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಪರದೆಯ ಮೇಲೆ ಪಟ್ಟಣದ ನಕ್ಷೆ ಬಂತು. ಪಕ್ಕದಲ್ಲಿ ಎತ್ತರದ ಕೆಂಪು ಗೆರೆಯೊಂದು ನಡುಗುತ್ತಿತ್ತು. ಬಿಲ್ಲಿಗೆ ಸಿಗದೆ ಹೋಗುವ ನೀರು ಎಂದರೆ ಆ ಗೆರೆ ಎಂದರು ಮೇಡಂ. ನಕ್ಷೆಯ ಒಂದು ಮೂಲೆಯಲ್ಲಿ ಕೆಂಪು ಚುಕ್ಕೆ ತೋರಿಸಿದರು.

"ಏಳನೇ ಚೇಂಬರ್. ಇಲ್ಲಿ ಮೀಟರಿಲ್ಲ, ಬಿಲ್ಲಿಲ್ಲ. ದಿನವಿಡೀ ಹರಿಯುತ್ತೆ. ಈ ಊರಿನ ಅತಿದೊಡ್ಡ ಸೋರಿಕೆ."

ಚಪ್ಪಲಿಗಳ ನಡುವಿನಿಂದ ದನಿ ಬಂತು.

"ಅದು ಸೋರಿಕಿ ಅಲ್ರಿ. ಅದು ನಮ್ಮ ಕೇರಿ ನಳ. ನೂರಾ ಹತ್ತ ಮನಿ ಅದರ ಮ್ಯಾಲ ಅದಾವ್ರಿ."

ಎಂಬತ್ತೈದು ಕೊರಳುಗಳು ತಿರುಗಿದವು. ಒಬ್ಬರು ನಕ್ಕರು. ಮೇಡಂ ಮೃದುವಾಗಿಯೇ ಹೇಳಿದರು: "ತಾಂತ್ರಿಕವಾಗಿ ಅದನ್ನ ಸೋರಿಕೆ ಅಂತಲೇ ವರ್ಗೀಕರಿಸ್ತೀವಿ. ಬೇಸರ ಮಾಡ್ಕೋಬೇಡಿ."

ಊರವರು ಅದನ್ನು ಹೊಲಗೇರಿ ಎನ್ನುತ್ತಾರೆ. ಕೇರಿಯವರು ಭೀಮನಗರ ಎನ್ನುತ್ತಾರೆ. ನಕ್ಷೆ ಅದನ್ನು ಸೋರಿಕೆ ಎಂದಿತು. ನೂರಾ ಹತ್ತು ಮನೆಯ ಅನ್ನ ಬೇಯಿಸಿದ್ದು, ಕೂಸಿನ ಕುಂಡಿ ತೊಳೆದದ್ದು, ಹೆಣದ ಬಾಯಿಗೆ ಬಿಟ್ಟದ್ದು ಎಲ್ಲ ಸೋರಿ ಹೋದ ನೀರು.

ಊಟಕ್ಕೆ ಮೊದಲು ಆ ಸೋರಿಕೆಯನ್ನು ಎಲ್ಲರ ಕಣ್ಣೆದುರೇ ನಿಲ್ಲಿಸಿ ಕೆಂಪು ಗೆರೆ ಇಳಿಯುವುದನ್ನು ತೋರಿಸಬೇಕು ಎಂದು ಕಾರ್ಯಕ್ರಮದಲ್ಲೇ ಅಚ್ಚಾಗಿತ್ತು. ಶಿವಾನಂದ ಹೊರಗೆ ಬಂದು ದುರ್ಗಪ್ಪನ ರಟ್ಟೆ ಹಿಡಿದು ಕಾರಂಜಿಯ ಬಳಿಗೆ ಎಳೆದೊಯ್ದ.

"ಒಂದ ತಾಸಿನ್ಯಾಗ ಏಳನೇ ಚೇಂಬರ್ ಬಂದ್ ಆಗ್ಬೇಕು. ಬಂದ್ ಮಾಡಿ ವಾಲ್ವಿನ ಮ್ಯಾಲ ಸಿಮಿಟ ಮೆತ್ತಿಬಿಡು."

"ಸಾಹೇಬ್ರ, ಅಲ್ಲಿ ನನ್ನ ಮನಿ ಐತ್ರಿ."

"ಅದಕ್ಕ ನಿನಗ ಹೇಳೂದು. ಬ್ಯಾರೇದಂವ ಹ್ವಾದ್ರ ಜಗಳಾ ಆಗತೈತಿ."

"ಕುಡ್ಯಾಕ ಏನ ಮಾಡೂದ್ರಿ?"

"ಟ್ಯಾಂಕರ್ ಬರತೈತಿ. ವಾರಕ್ಕೊಮ್ಮಿ." ಶಿವಾನಂದ ದನಿ ತಗ್ಗಿಸಿದ. "ಈ ತಿಂಗಳ ಗುತ್ತಿಗಿ ಮುಗೀತೈತಿ ದುರ್ಗಪ್ಪಾ. ಮುಂದಿನ ಯಾದಿಯೊಳಗ ನಿನ್ನ ಹೆಸರ ಇರಬೇಕೋ ಬ್ಯಾಡೋ, ನೀನ ನೋಡು."

ದುರ್ಗಪ್ಪ ಚಾವಿ ಹೆಗಲಿಗೇರಿಸಿದ. ಅರ್ಧ ಚೀಲ ಸಿಮೆಂಟು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು. ಅವನು ಹೊರಟ.

ಏಳನೇ ಚೇಂಬರಿನ ಸಂಗತಿ ಇಷ್ಟು. ಅದು ಕೇರಿಯ ಬಾಯಿಗೇ ಇದೆ. ಹಗಲೂ ರಾತ್ರಿ ನೀರಿರುವ ದೊಡ್ಡ ಪೈಪು ಅದರ ಕೆಳಗೆ ಹಾದುಹೋಗುತ್ತದೆ. ನಕ್ಷೆಯ ಪ್ರಕಾರ ಚೇಂಬರಿನಲ್ಲಿ ಒಂದು ವಾಲ್ವಿದೆ, ಕೇರಿಯದು. ಗುಂಡಿಯೊಳಗೆ ಇಣುಕಿದರೆ ಎರಡಿವೆ. ಎರಡನೆಯದು ರಾಜಪ್ಪ ಸಾವಕಾರನ ಹೋಟೆಲಿನದು, ಮೀಟರಿಲ್ಲದ ಕಳ್ಳಪೈಪು, ಎರಡು ಇಂಚಿನದು. ಅದು ಎಳೆದುಕೊಂಡು ಮಿಕ್ಕದ್ದು ಕೇರಿಯ ನಳಕ್ಕೆ ನೂಲಿನ ಹಾಗೆ ಬರುತ್ತದೆ. ಕೊಡ ತುಂಬಲು ಇಪ್ಪತ್ತು ನಿಮಿಷ. ಹೆಂಗಸರು ಪಾಳಿ ಹಚ್ಚಿ ನಿಲ್ಲುತ್ತಾರೆ. ಕಾಡವ್ವ ಕಳೆ ತೆಗೆಯಲು ಹೊಲಕ್ಕೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಕೂಲಿ ಇಲ್ಲದ ದಿನ ಮಧ್ಯಾಹ್ನವೂ ನಿಲ್ಲುತ್ತಾಳೆ. ಇಡೀ ಪಟ್ಟಣಕ್ಕೆ ನೀರು ಬಿಡುವವನ ಹೆಂಡತಿ ಎಂದು ಅವಳ ಪಾಳಿ ಯಾರೂ ಮುಂದಕ್ಕೆ ಬಿಟ್ಟಿಲ್ಲ.

ಇತ್ತ ಸಭಾಂಗಣದಲ್ಲಿ ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಹನ್ನೆರಡು ಐವತ್ತಕ್ಕೆ ಕೆಂಪು ಗೆರೆ ಅಲುಗಿತು. ಕೂದಲೆಳೆಯಷ್ಟು ಇಳಿಯಿತು. ಮತ್ತೆ ಏರಿತು. ಆಮೇಲೆ ಇದ್ದಕ್ಕಿದ್ದಂತೆ, ಬಾವಿಗೆ ಹಗ್ಗ ಹರಿದ ಬಿಂದಿಗೆ ಬಿದ್ದ ಹಾಗೆ, ತಳಕ್ಕೆ ಇಳಿದುಬಿಟ್ಟಿತು. ಚಪ್ಪಾಳೆ. ಎಂಥ ಚಪ್ಪಾಳೆ! ಯಮಕನಮರಡಿಯ ಹೆದ್ದಾರಿಯಲ್ಲಿ ಲಾರಿಗಳು ಗುಡುಗೆಂದು ತಿಳಿದು ಟಾರ್ಪಾಲು ಹೊದಿಸಿಕೊಂಡವು. ಪುಣೆಯವರು ಎದ್ದು ನಿಂತರು. "ಒಂದು ಸಾರ್ವಜನಿಕ ನಳದಿಂದ ಇಷ್ಟೊಂದು ನಷ್ಟವಾಗ್ತಿತ್ತು ನೋಡಿ!" ಎಂದರು. ಬೆಂಗಳೂರಿನವರು ಅದನ್ನು ಬರೆದುಕೊಂಡರು. ಊಟಕ್ಕೆ ಏಳೋಣ ಎಂದರು.

ಕೈತೊಳೆಯುವಲ್ಲಿ ನಳ ತಿರುಗಿಸಿದರು. ನಳ ಕೆಮ್ಮಿತು. ಎರಡು ಹನಿ ಉಗುಳಿತು. ಸುಮ್ಮನಾಯಿತು.

ಸಾವಕಾರ ಮೇಲೆ ದೊಡ್ಡ ನೀರಿನ ಟಾಕಿಯನ್ನೇ ಕಟ್ಟಿಸಿರಲಿಲ್ಲ. ಯಾಕೆ ಕಟ್ಟಿಸಬೇಕು? ಇಪ್ಪತ್ನಾಲ್ಕು ತಾಸೂ ನೆಲದಿಂದಲೇ ಬರುತ್ತಿತ್ತು. ಐದು ನಿಮಿಷದಲ್ಲಿ ಕಾರಂಜಿ ಬಾಗಿ ಬಿತ್ತು. ಅಡುಗೆಯವನು ಸೌಟು ಹಿಡಿದು ಹೊರಗೆ ಬಂದ. ಪಾಯಖಾನೆಯ ಒಳಗೆ ಮೂವರು ತಜ್ಞರಿದ್ದರು. ಒಬ್ಬರು ಒಳಗಿನಿಂದಲೇ ಇಂಗ್ಲಿಷಿನಲ್ಲಿ ಕೂಗಿದರು, ಆಮೇಲೆ ಹಿಂದಿಯಲ್ಲಿ, ಕೊನೆಗೆ ಅವ್ವನ ಭಾಷೆಯಲ್ಲಿ. ಜಲಭದ್ರತೆಗೆ ಹದಿನೇಳು ವ್ಯಾಖ್ಯೆ ಇದ್ದವಲ್ಲ, ಹದಿನೆಂಟನೆಯದು ಆಗ ಅಲ್ಲಿ ಹುಟ್ಟಿತು. ಬಾಟಲಿಗಳನ್ನು ಬಾಗಿಲ ಕೆಳಗಿನ ಸಂದಿಯಿಂದ ಒಂದೊಂದಾಗಿ ಒಳಗೆ ಉರುಳಿಸಿದರು.

ಆ ಹೊತ್ತಿಗೆ ದುರ್ಗಪ್ಪ ಕೇರಿಯ ಕಟ್ಟೆಯ ಮೇಲೆ ಕೂತಿದ್ದ. ನಳದ ಬಳಿ ಹೆಂಗಸರ ಗದ್ದಲವೋ ಗದ್ದಲ. ನೂಲಿನ ಹಾಗೆ ಬರುತ್ತಿದ್ದ ನೀರು ತೋಳಿನ ಗಾತ್ರ ಬರುತ್ತಿತ್ತು. ರಭಸಕ್ಕೆ ಕೊಡ ನಿಲ್ಲದೆ ಉರುಳುತ್ತಿತ್ತು. ಮುದುಕಿ ಶೆಟ್ಟೆವ್ವ ಆಗಷ್ಟೇ ಕಲ್ಲೋಳಿಯ ಬಸ್ಸಿನಿಂದ ಇಳಿದು ಬಂದಿದ್ದಳು. ಏನಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ.

"ಏನೋ ದುರ್ಗ್ಯಾ ಇದು? ನಳಕ್ಕ ಹುಚ್ಚ ಹಿಡದೈತೇನ?"

ಕೇಳುವವರು ಸಿಕ್ಕರೆ ದುರ್ಗಪ್ಪ ಬಿಟ್ಟಾನೆಯೇ? ಹೇಳಿದ. ತಾನು ಸಭೆಯೊಳಗೆ ಮೇಜಿನ ಮೇಲೆ ಹತ್ತಿ ನಿಂತನಂತೆ. ನೀವು ಸೋರಿಕೆ ಅಂದರೆ ನಾನು ನಿಮ್ಮ ಉಚ್ಚೆಯ ನೀರನ್ನೂ ನಿಲ್ಲಿಸುತ್ತೇನೆ ಎಂದನಂತೆ. ಶಿವಾನಂದ ಸಾಹೇಬರು ಕಾಲಿಗೆ ಬೀಳಲು ಬಂದರಂತೆ, ಇವನು ಬೀಳಗೊಡಲಿಲ್ಲವಂತೆ. ಅಲ್ಲಿಂದ ನೇರ ಚೇಂಬರಿಗೆ ಬಂದು, ತುಕ್ಕು ಹಿಡಿದು ಹನ್ನೊಂದು ವರ್ಷ ಅಲುಗದ ಆ ಎರಡನೇ ವಾಲ್ವನ್ನು, ಆನೆ ಕಟ್ಟಿ ಎಳೆದರೂ ಬಾರದ್ದನ್ನು, ಎಡಗೈಯ ಕಿರುಬೆರಳಿನಿಂದ ಬಂದ್ ಮಾಡಿದನಂತೆ. ಬಲಗೈಯಲ್ಲಿ ಬೀಡಿ ಇತ್ತಂತೆ.

"ನೀ ಒಬ್ಬನ?" ಎಂದಳು ಶೆಟ್ಟೆವ್ವ.

"ಒಬ್ಬನ! ಮತ್ತ್ಯಾರ ಅದಾರ ಈ ಕೇರ್ಯಾಗ ಗಂಡಸ್ರು?"

ನಳದ ಬಳಿ ನಿಂತಿದ್ದ ಕಾಡವ್ವ ಇತ್ತ ನೋಡಿದಳು. ಚಾವಿ ಅವಳ ಪಕ್ಕದಲ್ಲಿ ಗೋಡೆಗೆ ಒರಗಿತ್ತು.

ಜೀಪು ಬಂತು. ಮೊದಲು ರಾಜಪ್ಪ ಸಾವಕಾರ ಇಳಿದ, ಆಮೇಲೆ ಶಿವಾನಂದ, ಆಮೇಲೆ ವಿದ್ಯಾ ಮೇಡಂ. ಹಿಂದಿನಿಂದ ಪುಣೆಯ ತಜ್ಞರು. ಎರಡೂ ಕೈಗೆ ಸೋಪು ಹಚ್ಚಿಕೊಂಡವರು ಹಾಗೇ ಜೀಪು ಹತ್ತಿದ್ದರು. ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದರು.

"ಲೇ ದುರ್ಗ್ಯಾ! ನನ್ನ ವಾಲ್ವಿಗೆ ಕೈ ಹಚ್ಚಿದ ಮಗಾ ಯಾಂವಲೇ?" ಎಂದ ಸಾವಕಾರ.

"ನಿಮ್ಮ ವಾಲ್ವಾ?" ವಿದ್ಯಾ ಮೇಡಂ ಟ್ಯಾಬ್ ತೆರೆದರು. "ನಕ್ಷೆಯಲ್ಲಿ ಇಲ್ಲಿ ಒಂದೇ ವಾಲ್ವು ಇದೆಯಲ್ಲ ಸರ್?"

ಶಿವಾನಂದ ಆಕಾಶ ನೋಡಿದ. "ಬಿಸಲ ಭಾಳ ಐತ್ರಿ ಮೇಡಂ. ಜೀಪಿನ್ಯಾಗ ಕುಂದರ್ರಿ."

ಮೇಡಂ ಕೂರಲಿಲ್ಲ. ಚೇಂಬರಿನ ಬಳಿ ಹೋಗಿ ಬಗ್ಗಿ ನೋಡಿದರು. ಟ್ಯಾಬ್ ನೋಡಿದರು. ಮತ್ತೆ ಗುಂಡಿ ನೋಡಿದರು. ದಡ್ಡರಲ್ಲ ಅವರು. ಚಪ್ಪಾಳೆ ಯಾವ ಸೋರಿಕೆಗೆ ಬಿತ್ತು ಎಂಬುದು ಅವರ ಮುಖದ ಮೇಲೆ ನಿಧಾನಕ್ಕೆ ಇಳಿಯಿತು. ಟ್ಯಾಬ್ ಮುಚ್ಚಿದರು.

"ಇದು ನಮ್ಮ ವರದಿಯ ವ್ಯಾಪ್ತಿಗೆ ಬರೋದಿಲ್ಲ" ಎಂದರು.

ಪುಣೆಯವರು ಮಾತ್ರ ನಳವನ್ನೇ ನೋಡುತ್ತಿದ್ದರು. ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಕಾಡವ್ವ ಕೊಡ ಸರಿಸಿದಳು.

"ಬರ್ರಿ ಅಣ್ಣಾರ, ತೊಳ್ಕೋರ್ರಿ. ಸೋರಿಕಿ ನೀರ್ರಿ ಇದು. ಆದ್ರೂ ಸೋಪ ಹೋಗತೈತಿ."

ಅವರು ಅತ್ತಿತ್ತ ನೋಡಿ ಕೈಯೊಡ್ಡಿದರು. ಹೆಂಗಸರು ನಕ್ಕರು. ಸಾವಕಾರನಿಗೆ ಇನ್ನೂ ಉರಿಯಿತು.

"ಯಾರ ಮಾಡಿದ್ದು ಅಂತ ಕೇಳಾಕತ್ತೇನಿ!"

"ನಾನ ಸಾವಕಾರ್ರ" ಎಂದು ದುರ್ಗಪ್ಪ ಕಟ್ಟೆಯಿಂದ ಇಳಿದ. ಎದೆ ಉಬ್ಬಿತ್ತು. "ಒಬ್ಬನ. ಬೇಕಂತ ಮಾಡೇನಿ."

ಶಿವಾನಂದನ ಮುಖದಲ್ಲಿ ಜೀವ ಬಂತು. "ಭಾಳ ಚಲೋ ಆತು" ಎಂದ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ ಸರಸರ ಬರೆದ. ಬರೆದದ್ದನ್ನು ಓದಿ ಹೇಳಿದ: ನೀರು ಬಿಡುವ ನೌಕರ ದುರ್ಗಪ್ಪನು ಮದ್ಯಪಾನ ಮಾಡಿದ ಸ್ಥಿತಿಯಲ್ಲಿ, ತಪ್ಪು ತಿಳಿವಳಿಕೆಯಿಂದ, ಒಬ್ಬನೇ.

"ನಾ ಕುಡದಿಲ್ರಿ ಸಾಹೇಬ್ರ."

"ಕುಡದಿದ್ದಿ ಅಂದ್ರ ಬರೇ ನೋಟೀಸು. ಕುಡದಿಲ್ಲಂದ್ರ ಪೊಲೀಸ್ ಕೇಸು. ನಿನ್ನ ಚಲೋದಕ್ಕ ಬರದೇನಿ. ಸಹಿ ಮಾಡು. ಆ ವಾಲ್ವು ಚಾಲೂ ಮಾಡು, ಈ ವಾಲ್ವು ಬಂದ್ ಮಾಡು. ಸಿಮಿಟ ಮೆತ್ತು. ಮುಗೀತು."

"ಒಬ್ಬ ನೌಕರನ ಕಿಡಿಗೇಡಿತನ ಅಂದರೆ ನಮಗೂ ಅನುಕೂಲ" ಎಂದರು ವಿದ್ಯಾ ಮೇಡಂ, ಯಾರ ಮುಖವನ್ನೂ ನೋಡದೆ.

ದುರ್ಗಪ್ಪ ಪೆನ್ನು ಹಿಡಿದ. ಒಬ್ಬನೇ ಎಂಬ ಮಾತು ಕಾಗದದ ಮೇಲೆ ಬಹಳ ಸಣ್ಣದಾಗಿ ಕಂಡಿತು. ಒಬ್ಬ ಕುಡುಕನ ತಪ್ಪಾದರೆ ಅದನ್ನು ತಿದ್ದಬಹುದು. ತಿದ್ದಿದರೆ ಕೇರಿಯ ನಳ ಸಾಯುತ್ತದೆ.

"ಅಂವಾ ಸುಳ್ಳ ಹೇಳಾಕತ್ತಾನ್ರಿ" ಎಂದಳು ಕಾಡವ್ವ.

"ಏ, ನೀ ಒಳಗ ನಡಿ" ಎಂದ ದುರ್ಗಪ್ಪ.

"ಯಾವ ಒಳಗ? ನೀರ ಹೊರೂದಕ್ಕ ನಾವ ಹೊರಗ ಬೇಕು, ಮಾತ ಬಂದಾಗ ಒಳಗ ನಡೀಬೇಕ? ಆ ವಾಲ್ವಿನ ಮ್ಯಾಲ ಯಾರ ಕೈ ಇದ್ದೂ ಹೇಳ. ನನ್ನ ಮಾರಿ ನೋಡಿ ಹೇಳ."

ಅವಳು ಎರಡೂ ಅಂಗೈ ಚಾಚಿದಳು. ಕಂದು ತುಕ್ಕು ಮೆತ್ತಿತ್ತು. ಬೊಬ್ಬೆಯೊಡೆದು ರಕ್ತ ಬಂದಿತ್ತು. ನಳದ ಬಳಿಯಿಂದ ಇನ್ನೈವರು ಹೆಂಗಸರು ಬಂದರು. ಅವರೂ ಅಂಗೈ ಚಾಚಿದರು. ಎಲ್ಲವೂ ಅದೇ ಬಣ್ಣ.

ಶೆಟ್ಟೆವ್ವ ಒಂದೊಂದಾಗಿ ನೋಡಿದಳು. ಆಮೇಲೆ ದುರ್ಗಪ್ಪನ ಕೈ ಹಿಡಿದು ತಿರುಗಿಸಿದಳು.

"ನಿನ್ನ ಕೈಗೆ ತುಕ್ಕ ಇಲ್ಲಲ್ಲೋ, ಭಾಡ್ಯಾ. ಸಿಮಿಟ ಐತಿ."

ಬೆರಳ ಸಂದಿಯಲ್ಲಿ, ಉಗುರಿನ ಅಂಚಿನಲ್ಲಿ, ಮೊಣಕಾಲಿನ ಮೇಲೆ, ಇಸ್ತ್ರಿ ಹಾಕಿದ ಅಂಗಿಯ ತೋಳಿನಲ್ಲಿ ಬೂದಿಬಣ್ಣದ ಸಿಮೆಂಟು ಒಣಗಿತ್ತು. ಜೀವಮಾನದಲ್ಲಿ ಮೊದಲ ಸಲ ದುರ್ಗಪ್ಪನ ಬಾಯಿಗೆ ಕತೆ ಬರಲಿಲ್ಲ.

"ಖರೆ ಹೇಳ್ತೇನ್ರಿ" ಎಂದ. ಶಿವಾನಂದನಿಗೆ ಹೇಳಿದನೋ, ಶೆಟ್ಟೆವ್ವನಿಗೆ ಹೇಳಿದನೋ.

"ಮೇಜಿನ ಮ್ಯಾಲ ನಾ ಹತ್ತಿಲ್ಲ. ಯಾರಿಗೂ ಏನೂ ಅಂದಿಲ್ಲ. ಆತ್ರಿ ಸಾಹೇಬ್ರ ಅಂತ ಬಂದೆ. ನಮ್ಮ ನಳಾ ಬಂದ್ ಮಾಡಾಕ ಬಂದಿದ್ದೆ. ಬಂದ ಕೂಡ್ಲೆ ಸಿಮಿಟ ಕಲಿಸಿ ಬಾಜೂಕ ಇಟಗೊಂಡೆ. ನಮ್ಮ ವಾಲ್ವು ಹನ್ನೊಂದ ಸುತ್ತ ತಗೋತೈತಿ. ಒಂಬತ್ತ ಹಾಕಿದ್ದೆ. ಹೆಣ್ಮಕ್ಳು ಕೊಡಾ ಹಿಡದ ನಿಂತಿದ್ರು. ನೀರ ಸಣ್ಣ ಆತು ಸಣ್ಣ ಆತು ಅಂತ ಒದರಾಕತ್ತಿದ್ರು. ನಾ ತಲಿ ಎತ್ತಲಿಲ್ಲ.

"ಈಕಿ ಬಂದ ಚಾವಿ ಹಿಡದ್ಳು. ನಾ ಬಿಡಲಿಲ್ರಿ. ಜಗ್ಗಿದೆ. ಈಕಿ ಕೈ ಬಿಡಲಿ ಅಂತ ಮೊಣಕೈಲೆ ತಿವದೆ. ಗುತ್ತಿಗಿ ಹೋಗತೈತಿ, ನಿಮ್ಮವ್ವನ ಅಂತ ಬೈದೆ. ಆರೂ ಮಂದಿ ಕೂಡಿ ನನ್ನ ರಟ್ಟಿ ಹಿಡದ ಎತ್ತಿ, ಹೊರಗ ತಗದ ಕುಂದರಿಸಿದ್ರು. ನಮ್ಮ ವಾಲ್ವು ಹೊಳ್ಳಿ ತಿರಿವಿದ್ರು. ಹೋಟೆಲಿನ ವಾಲ್ವು ಯಾವ ಕಡಿ ತಿರಗತೈತಿ ಹೇಳ ಅಂದ್ರು. ಅದನ್ನೂ ನಾ ಹೇಳಲಿಲ್ರಿ. ತುಕ್ಕ ಹಿಡದ ವಾಲ್ವಿಗೆ ಕೈ ಹಚ್ಚಿ ಎರಡೂ ಕಡಿ ತಿರಿವಿ ತಾವ ಹುಡಿಕಿದ್ರು."

ಅವನು ಸಾವಕಾರನ ಕಡೆ ತಿರುಗಿದ.

"ಆ ಪೈಪಿಗೆ ತಗ್ಗ ತೋಡಿದಂವಾ ನಾನ. ಹನ್ನೊಂದ ವರ್ಷ ಆತು. ನಮ್ಮ ನಳಕ್ಕ ನೀರ ಯಾಕ ಕಡಿಮಿ ಬರತೈತಿ ಅಂತ ಈ ಹೆಣ್ಮಕ್ಳು ದಿನಾ ಕೇಳತಿದ್ರು. ಮ್ಯಾಲಿಂದ ಕಡಿಮಿ ಬರತೈತಿ ಅಂತ ದಿನಾ ಹೇಳ್ತಿದ್ದೆ."

ಪೆನ್ನನ್ನು ಕಾಗದದ ಮೇಲಿಟ್ಟ. ಕಾಗದವನ್ನು ಶಿವಾನಂದನ ಕಡೆ ಸರಿಸಿದ. ಸಿಮೆಂಟಿನ ಬೆರಳ ಗುರುತು ಅದರ ಮೇಲೆ ಉಳಿಯಿತು.

"ಇದಕ್ಕ ನಾ ಸಹಿ ಮಾಡೂದಿಲ್ರಿ ಸಾಹೇಬ್ರ. ಸುಳ್ಳ ಐತಿ. ಮತ್ತೊಂದ ಬರೀರಿ. ದುರ್ಗಪ್ಪ ಏನೂ ಮಾಡಿಲ್ಲಂತ ಬರೀರಿ."